ಲೆಕ್ಕ ಬಿಟ್ಟು ಗಣಿತದ ಸುದ್ದಿ ಬರೆಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಆಧುನಿಕ ರೇಖಾಗಣಿತದ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಮೊದಲು ಅದಕ್ಕೆ ಥ್ಯಾಂಕ್ಸ್. ಕನ್ನಡ ಪತ್ರಿಕೆಯಲ್ಲಿ ಗಣಿತಕ್ಕೆ ಅಷ್ಟು ಜಾಗ ಸಿಗುವುದೇ ಅಪರೂಪ. ಆದರೆ ಸಿಕ್ಕ ಜಾಗದಲ್ಲಿ ಏನಿತ್ತು ನೋಡಿ. ಗಣಿತಜ್ಞರು ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ, ದಿನಕ್ಕೆ ಎಷ್ಟು ಕಾಫಿ ಕುಡಿಯುತ್ತಾರೆ, ಎದುರಿಗೆ ಬಂದವರನ್ನೂ ಗುರುತಿಸದೆ ಹೇಗೆ ನಡೆದುಹೋಗುತ್ತಾರೆ, ಬರೀ ಇವೇ. ವಿಷಯಕ್ಕೆ ಅಂತ ಸಿಕ್ಕಿದ್ದು ಒಂದೇ ಸಾಲು. ಬಾಗಿದ ಜಾಗಗಳ ಪ್ರತಿ ಬಿಂದುವಿನಲ್ಲೂ ಒಂದು ಗುಣಾಕಾರ ಇಟ್ಟು ಅಧ್ಯಯನ ಮಾಡುವ ಶಾಖೆಯೊಂದಿದೆ, ಅದರ ವಿವರ ಸಾಮಾನ್ಯ ಓದುಗರ ಅಳವಿಗೆ ಮೀರಿದ್ದು ಅಂತ.

ಅಳವಿಗೆ ಮೀರಿದ್ದು ಅಂದಿರಲ್ಲ, ಅದಕ್ಕೇ ನನ್ನ ತಕರಾರು. ನಾನು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತನಾದವನು, ಸಂಶೋಧಕ ಅಲ್ಲ. ಫ್ರೋಬೇನಿಯಸ್ ಮ್ಯಾನಿಫೋಲ್ಡ್‌ಗಳ ಶಾಖೆ ಅದು, ಹೆಸರಿನ ಕಥೆ ಆಮೇಲೆ ಹೇಳುತ್ತೇನೆ. ಅದರ ದಪ್ಪ ಪುಸ್ತಕಗಳು ನನಗೂ ಪೂರ್ತಿ ದಕ್ಕುವುದಿಲ್ಲ. ಆದರೆ ಅಲ್ಲಿ ನಡೆಯುತ್ತಿರುವುದು ಏನು ಅಂತ ತಿಳಿಯಲು ಪಿಯುಸಿ ಲೆಕ್ಕ ಸಾಕು. ಸುಮ್ನೆ ಹೇಳುತ್ತಿಲ್ಲ, ಇಲ್ಲೇ ಮಾಡಿ ತೋರಿಸುತ್ತೇನೆ. ಪತ್ರ ಉದ್ದ ಆಗುತ್ತದೆ, ಕತ್ತರಿ ಹಾಕುವುದಾದರೆ ನನ್ನ ಬೈಗುಳಕ್ಕೆ ಹಾಕಿ, ಲೆಕ್ಕಕ್ಕೆ ಹಾಕಬೇಡಿ.

ಒಂದು ಬಾಗಿದ ಮೇಲ್ಮೈ ಇದೆ ಅಂದುಕೊಳ್ಳಿ. ಅದರ ಮೇಲೆ ಒಂದು ಬಿಂದುವಿನಲ್ಲಿ ನಿಂತರೆ ಯಾವ ಕಡೆಗೆ ಬೇಕಾದರೂ ಹೊರಡಬಹುದು. ಹೀಗೆ ಹೊರಡುವ ದಿಕ್ಕುಗಳನ್ನೆಲ್ಲ ಬಾಣಗಳಾಗಿ ಬರೆದರೆ ಆ ಬಿಂದುವಿನಲ್ಲಿ ಮೇಲ್ಮೈಯನ್ನು ಮುಟ್ಟಿ ನಿಲ್ಲುವ ಒಂದು ಸಪಾಟು ಹಾಳೆ ಸಿಗುತ್ತದೆ. ಅದೇ ಸ್ಪರ್ಶ ಸಮತಲ. ಪೂರ್ವ, ಉತ್ತರದಂಥ ಎರಡೇ ಮೂಲ ದಿಕ್ಕು ಇರಬೇಕು ಅಂತಿಲ್ಲ, ಮೂರು, ನಾಲ್ಕು, ನೂರು ಮೂಲ ದಿಕ್ಕುಗಳಿರುವ ಜಾಗಗಳೂ ಇವೆ. ಇವಕ್ಕೆಲ್ಲ ಸೇರಿಸಿ ಮ್ಯಾನಿಫೋಲ್ಡ್ ಅನ್ನುತ್ತಾರೆ. ಬಾಣಗಳನ್ನು ಕೂಡಿಸುವುದು ಎಲ್ಲರಿಗೂ ಗೊತ್ತು. ಪೂರ್ವಕ್ಕೆ ಮೂರು ಹೆಜ್ಜೆ, ಉತ್ತರಕ್ಕೆ ಎರಡು, ಸೇರಿಸಿದರೆ ಒಂದು ಓರೆ ಬಾಣ. ಆದರೆ ಪೂರ್ವವನ್ನು ಉತ್ತರದಿಂದ ಗುಣಿಸಿ ಅಂದರೆ? ಉತ್ತರವೂ ಅದೇ ಹಾಳೆಯ ಮೇಲಿನ ಇನ್ನೊಂದು ಬಾಣವೇ ಆಗಬೇಕು ಅಂದರೆ? ಅದಕ್ಕೆ ಯಾವ ನಿಯಮವೂ ತಾನಾಗಿ ಸಿಗುವುದಿಲ್ಲ, ನಾವೇ ಕೊಡಬೇಕು. ಬಿಂದುವಿನಿಂದ ಬಿಂದುವಿಗೆ ಆ ನಿಯಮ ಬೇರೆಯಾಗಲೂಬಹುದು.

ಈಗ ಪೆನ್ನು ತಗೊಳ್ಳಿ. ಯ³ + ಪ × ಯ + ಮ ಅಂತ ಒಂದು ಬಹುಪದೋಕ್ತಿ ಬರೆಯಿರಿ. ಯ ನಮ್ಮ ಚರಾಕ್ಷರ. ಪ ಮತ್ತು ಮ ನಾವು ಬೇಕಾದ ಹಾಗೆ ಬದಲಿಸಬಹುದಾದ ಸಂಖ್ಯೆಗಳು. ಒಂದು ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಪ, ಉದ್ದಕ್ಕೆ ಮ ಗುರುತಿಸಿದರೆ ಹಾಳೆಯ ಪ್ರತಿ ಬಿಂದುವೂ ಒಂದೊಂದು ಬಹುಪದೋಕ್ತಿ. ಈ ಹಾಳೆಯೇ ನಮ್ಮ ಮ್ಯಾನಿಫೋಲ್ಡ್. ಇದರ ಮೇಲೆ ಒಂದು ಕಡೆ ನಿಂತು ಮ ದಿಕ್ಕಿನಲ್ಲಿ ಸ್ವಲ್ಪ ಸರಿದರೆ ಬಹುಪದೋಕ್ತಿಗೆ 1ರ ಇಷ್ಟು ಪಟ್ಟು ಅಂತ ಸೇರುತ್ತದೆ, ಪ ದಿಕ್ಕಿನಲ್ಲಿ ಸರಿದರೆ ಯ ಅದರ ಇಷ್ಟು ಪಟ್ಟು ಅಂತ ಸೇರುತ್ತದೆ. ಹಾಗಾಗಿ ಒಂದು ಬಾಣಕ್ಕೆ 1 ಅಂತ, ಇನ್ನೊಂದಕ್ಕೆ ಯ ಅಂತ ಹೆಸರಿಟ್ಟುಬಿಡೋಣ. ಉಳಿದ ಬಾಣಗಳೆಲ್ಲ 3 + 2ಯ ಥರದವು.

ಗುಣಿಸೋಣ. 1 × 1 = 1. 1 × ಯ = ಯ. ಯ × ಯ? ಯ² ಬರುತ್ತದೆ, ಆದರೆ ಹಾಳೆಯ ಮೇಲೆ ಯ² ಅನ್ನುವ ದಿಕ್ಕೇ ಇಲ್ಲ. ಇಲ್ಲಿ ಒಂದು ಉಪಾಯ ಇದೆ. ನಿಂತ ಬಿಂದುವಿನ ಬಹುಪದೋಕ್ತಿಯ ಡೆರಿವೇಟಿವ್ (ಅದರ ಗ್ರಾಫಿನ ಇಳಿಜಾರು ಹೇಳುವ ಸೂತ್ರ) ತೆಗೆಯಿರಿ, 3ಯ² + ಪ ಬರುತ್ತದೆ. ಅದನ್ನು ಸೊನ್ನೆ ಅಂತ ಇಟ್ಟುಕೊಳ್ಳಿ. ಆಗ ಯ² = −ಪ/3. ಆಯ್ತು, ಗುಣಾಕಾರ ಸಿಕ್ಕಿತು. ಯ × ಯ ಅಂದರೆ 1 ಎಂಬ ಬಾಣದ −ಪ/3 ಪಟ್ಟು. ನೀವು ಎಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಎಷ್ಟು ಬದಲಾಗುತ್ತದೆ ಅನ್ನುವುದೇ ಇದರ ಮಜಾ. ಪ = 3 ಇರುವ ಕಡೆ ನಿಲ್ಲಿ. ಯ² = −1. ಅಂದರೆ ಪಿಯುಸಿಯಲ್ಲಿ ಕಲಿತ ಸಂಕೀರ್ಣ ಸಂಖ್ಯೆಗಳ ಗುಣಾಕಾರವೇ ಅಲ್ಲಿ ಎದುರಾಗುತ್ತದೆ, ಚೂರೂ ವ್ಯತ್ಯಾಸ ಇಲ್ಲದೆ. ಅಲ್ಲಿಂದ ಪ = −3 ಇರುವ ಕಡೆಗೆ ಬನ್ನಿ. ಯ² = 1. ಈಗ (1 + ಯ)/2 ಮತ್ತು (1 − ಯ)/2 ಎಂಬ ಎರಡು ಬಾಣ ತೆಗೆದುಕೊಳ್ಳಿ. ಮೊದಲನೆಯದರ ವರ್ಗ ಮಾಡಿದರೆ (1 + 2ಯ + ಯ²)/4, ಅಂದರೆ (2 + 2ಯ)/4, ಅಂದರೆ ಅದೇ ಬಾಣ ವಾಪಸ್ಸು. ಎರಡನೆಯದೂ ಹಾಗೇ. ಎರಡನ್ನೂ ಪರಸ್ಪರ ಗುಣಿಸಿದರೆ (1 − ಯ²)/4, ಅಂದರೆ ಸೊನ್ನೆ. ಒಂದರ ಗೊಡವೆ ಇನ್ನೊಂದಕ್ಕಿಲ್ಲ.

ಈ ಎರಡು ಬಾಣಗಳು ಎಲ್ಲಿಂದ ಬಂದವು? ಯ³ − 3ಯ + ಮ ಇದರ ಗ್ರಾಫ್ ಎಳೆದು ನೋಡಿ. ಯ = −1 ಇರುವಲ್ಲಿ ಒಂದು ಗುಡ್ಡ, ಯ = 1 ಇರುವಲ್ಲಿ ಒಂದು ಕಣಿವೆ. ಗುಡ್ಡದ ಎತ್ತರ ಮ + 2, ಕಣಿವೆಯದು ಮ − 2. ಈಗ (1 + ಯ)/2 ದಿಕ್ಕಿನಲ್ಲಿ ಒಂದಿಷ್ಟು ಸರಿಯಿರಿ. ಈ ಬಾಣಕ್ಕೆ ಯ = 1 ಹಾಕಿದರೆ 1 ಬರುತ್ತದೆ, ಯ = −1 ಹಾಕಿದರೆ 0. ಹಾಗಾಗಿ ಕಣಿವೆ ಮೇಲೇಳುತ್ತದೆ, ಆ ಕ್ಷಣಕ್ಕೆ ಗುಡ್ಡ ಅಲುಗುವುದಿಲ್ಲ. ಇನ್ನೊಂದು ಬಾಣ ಹಿಡಿದರೆ ಗುಡ್ಡ ಏಳುತ್ತದೆ, ಕಣಿವೆ ಇದ್ದಲ್ಲೇ ಇರುತ್ತದೆ. ಬರೀ ಗುಣಾಕಾರ ನೋಡಿ ಕಂಡುಹಿಡಿದ ಎರಡು ದಿಕ್ಕುಗಳು ಗ್ರಾಫಿನ ಗುಡ್ಡ ಕಣಿವೆಗಳನ್ನು ಒಂದೊಂದಾಗಿ ಆಡಿಸುವ ದಿಕ್ಕುಗಳೇ ಆಗಿಬಿಟ್ಟವು. ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದರೆ ಹಿಂದಿನ ಬೆಂಚಿನ ಹುಡುಗರೂ ತಲೆ ಎತ್ತುತ್ತಾರೆ ಸಾರ್.

ಮಧ್ಯದಲ್ಲಿ ಪ = 0 ಅನ್ನುವ ಗೆರೆ ಇದೆಯಲ್ಲ, ಅಲ್ಲಿ ಗುಡ್ಡ ಕಣಿವೆ ಎರಡೂ ಒಂದಾಗಿ ಮಾಯ. ಗುಣಾಕಾರದಲ್ಲಿ ಇದು ಹೇಗೆ ಕಾಣುತ್ತದೆ? ಯ² = 0. ಯ ಸೊನ್ನೆಯಲ್ಲ, ಆದರೂ ಅದರ ವರ್ಗ ಸೊನ್ನೆ! ಶಾಲೆಯಲ್ಲಿ ಹೀಗೆ ಬರೆದರೆ ಕೆಂಪು ಇಂಕಿನ ಅಡ್ಡಗೆರೆ ಗ್ಯಾರಂಟಿ. ಇಲ್ಲಿ ಮಾತ್ರ ಅದು ಸರಿ, ಮತ್ತು ಬರಲೇಬೇಕಾದದ್ದು. ಒಂದೇ ಗ್ರಾಫ್ ಹಾಳೆ, ಎಡಕ್ಕೆ ಒಂದು ಬೀಜಗಣಿತ, ಬಲಕ್ಕೆ ಇನ್ನೊಂದು, ನಡುಗೆರೆಯ ಮೇಲೆ ಮೂರನೆಯದು.

ಈ ಶಾಖೆಯವರು ಹೀಗೆ ಸಿಕ್ಕಸಿಕ್ಕ ಗುಣಾಕಾರಗಳನ್ನೆಲ್ಲ ಒಪ್ಪುವುದಿಲ್ಲ. ಪರಿವರ್ತನೀಯ ಆಗಿರಬೇಕು (ಯಾವುದನ್ನು ಮೊದಲು ಬರೆದರೂ ಉತ್ತರ ಒಂದೇ), ಸಹವರ್ತನೀಯ ಆಗಿರಬೇಕು (ಕಂಸ ಎಲ್ಲಿ ಹಾಕಿದರೂ ಉತ್ತರ ಒಂದೇ), ಎಲ್ಲ ಕಡೆ 1ರ ಥರ ವರ್ತಿಸುವ ಒಂದು ಬಾಣ ಇರಬೇಕು. ಇಷ್ಟೇ ಸಾಲದು. ಬಿಂದುವಿನಿಂದ ಬಿಂದುವಿಗೆ ಗುಣಾಕಾರ ಬದಲಾಗುವ ರೀತಿಗೂ ಒಂದು ಶಿಸ್ತು ಬೇಕು. ಆ ಶಿಸ್ತಿನ ಸಮೀಕರಣವನ್ನು ಇಲ್ಲಿ ಬರೆಯುವುದಿಲ್ಲ, ಅದರ ಫಲ ಮಾತ್ರ ಹೇಳುತ್ತೇನೆ. ಮೇಲಿನ ಪ = −3 ಬಿಂದುವಿನಂಥ ಒಳ್ಳೆಯ ಜಾಗಗಳಲ್ಲಿ, ಒಂದನ್ನೊಂದು ಗುಣಿಸಿದರೆ ಸೊನ್ನೆ ಆಗುವ ಬಾಣಗಳು ಆ ಒಂದು ಬಿಂದುವಿಗೆ ಮಾತ್ರ ಸೇರಿದವು ಆಗಿರುವುದಿಲ್ಲ. ಸುತ್ತಲಿನ ಎಲ್ಲ ಬಿಂದುಗಳ ಬಾಣಗಳೂ ಒಂದಕ್ಕೊಂದು ಹೊಂದಿಕೊಂಡು ಆ ಜಾಗಕ್ಕೆ ಒಂದು ಹೊಸ ಗ್ರಾಫ್ ಚೌಕುಳಿ ಹಾಕಿಕೊಡುತ್ತವೆ. ನಮ್ಮ ಉದಾಹರಣೆಯಲ್ಲಿ ಪ, ಮ ಬಿಟ್ಟು ಗುಡ್ಡದ ಎತ್ತರ, ಕಣಿವೆಯ ಎತ್ತರ ಎರಡನ್ನೇ ವಿಳಾಸವಾಗಿ ಬಳಸಬಹುದು. ಈ ಶಿಸ್ತನ್ನು ಪ್ರತ್ಯೇಕವಾಗಿ ಗುರುತಿಸಿ, ಅದನ್ನು ಪಾಲಿಸುವ ಜಾಗಗಳಿಗೆ ಎಫ್-ಮ್ಯಾನಿಫೋಲ್ಡ್ ಅಂತ ಹೆಸರಿಟ್ಟವರು ಜರ್ಮನಿಯ ಕ್ಲೌಸ್ ಹೆರ್ಟ್ಲಿಂಗ್ ಮತ್ತು ರಷ್ಯಾ ಮೂಲದ ಯೂರಿ ಮನಿನ್, 1999ರಲ್ಲಿ.

ಅದಕ್ಕೂ ಮೊದಲಿನ ಕಥೆ ಚುಟುಕಾಗಿ ಹೇಳುತ್ತೇನೆ. ನಾನು ಮೇಲೆ ಮಾಡಿದ ಥರದ, ಬಹುಪದೋಕ್ತಿಗಳನ್ನು ಅಲುಗಾಡಿಸುವ ಲೆಕ್ಕದ ಹಿಂದಿರುವ ರಚನೆಯನ್ನು ಆಳವಾಗಿ ಅಗೆದವರು ಜಪಾನಿನ ಕ್ಯೋಜಿ ಸೈಟೊ, 1980ರ ಆಸುಪಾಸಿನಲ್ಲಿ. ಹತ್ತು ವರ್ಷ ಕಳೆದ ಮೇಲೆ ಪೂರ್ತಿ ಬೇರೆ ದಾರಿಯಲ್ಲಿ, ಸ್ಟ್ರಿಂಗ್ ಸಿದ್ಧಾಂತದ ಹುಡುಕಾಟದಲ್ಲಿ ಭೌತವಿಜ್ಞಾನಿಗಳು ಇದೇ ಸಮೀಕರಣಗಳಿಗೆ ಬಂದು ಮುಟ್ಟಿದರು. ಅಮೆರಿಕದ ಎಡ್ವರ್ಡ್ ವಿಟನ್ ಒಬ್ಬರು. ನೆದರ್‌ಲ್ಯಾಂಡ್ಸಿನ ರಾಬರ್ಟ್ ಡೈಕ್‌ಗ್ರಾಫ್ ಮತ್ತು ಎರಿಕ್, ಹರ್ಮನ್ ಎಂಬ ವೆರ್ಲಿಂಡೆ ಅವಳಿ ಸಹೋದರರು ಇನ್ನು ಮೂವರು. (ಡೈಕ್‌ಗ್ರಾಫ್ ಆಮೇಲೆ ತಮ್ಮ ದೇಶದ ಶಿಕ್ಷಣ ಸಚಿವರಾದರು. ನಮ್ಮಲ್ಲಿ ಇದನ್ನು ಊಹಿಸಿಕೊಳ್ಳಲು ಸ್ವಲ್ಪ ಜಾಸ್ತಿ ಕಲ್ಪನಾಶಕ್ತಿ ಬೇಕು.) ಸೈಟೊ ಅವರದೂ ಭೌತವಿಜ್ಞಾನಿಗಳದೂ ಒಂದೇ ವಿಷಯದ ಎರಡು ಮುಖ ಅಂತ ಕಂಡು, ಎಲ್ಲವನ್ನೂ ಒಂದು ರೇಖಾಗಣಿತವಾಗಿ ಕಟ್ಟಿದವರು ರಷ್ಯಾ ಮೂಲದ ಬೋರಿಸ್ ಡುಬ್ರೊವಿನ್. ಗುಣಾಕಾರದ ಜೊತೆಗೆ ಅದಕ್ಕೆ ಹೊಂದುವ ಒಂದು ಸಪಾಟು ಅಳತೆಗೋಲೂ ಇರುವ ಜಾಗಗಳಿಗೆ ಅವರು ಫ್ರೋಬೇನಿಯಸ್ ಮ್ಯಾನಿಫೋಲ್ಡ್ ಅಂತ ಹೆಸರಿಟ್ಟರು. ಫ್ರೋಬೇನಿಯಸ್ 1917ರಲ್ಲೇ ತೀರಿಕೊಂಡ ಜರ್ಮನ್ ಬೀಜಗಣಿತಜ್ಞ, ಪಾಪ, ತನ್ನ ಹೆಸರಿನಲ್ಲಿ ಇಂಥದ್ದೊಂದು ಹುಟ್ಟುತ್ತದೆ ಅಂತ ಅವನಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಮನಿನ್ ಮತ್ತು ಹೆರ್ಟ್ಲಿಂಗ್ ಮಾಡಿದ್ದು ಆ ಅಳತೆಗೋಲನ್ನು ಪಕ್ಕಕ್ಕಿಟ್ಟು ಬರೀ ಗುಣಾಕಾರದಿಂದ ಎಷ್ಟು ದೂರ ಹೋಗಬಹುದು ಅಂತ ನೋಡಿದ್ದು.

ಡುಬ್ರೊವಿನ್ 1993ರಿಂದ ಇಟಲಿಯ ಟ್ರಿಯೆಸ್ಟ್ ಊರಿನ ಸಿಸ್ಸಾ ಸಂಸ್ಥೆಯಲ್ಲಿದ್ದರು, 2019ರಲ್ಲಿ ತೀರಿಕೊಂಡರು. ಆ 1990ರ ದಶಕದಲ್ಲಿ ಅದೇ ಊರಿನ ಇನ್ನೊಂದು ಸಂಸ್ಥೆಯಲ್ಲಿ, ಸೈದ್ಧಾಂತಿಕ ಭೌತವಿಜ್ಞಾನದ ಅಂತರರಾಷ್ಟ್ರೀಯ ಕೇಂದ್ರದಲ್ಲಿ, ಗಣಿತ ವಿಭಾಗದ ಮುಖ್ಯಸ್ಥರಾಗಿದ್ದವರು ನಮ್ಮ ದೇಶದ ಎಂ.ಎಸ್. ನರಸಿಂಹನ್. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಇಂಥ ದೊಡ್ಡವರು ನಮ್ಮ ನಡುವೆಯೇ ಓಡಾಡಿಕೊಂಡಿದ್ದರು, ಅವರು ಮಾಡಿದ್ದು ಏನು ಅಂತ ಎಷ್ಟು ಕನ್ನಡ ಓದುಗರಿಗೆ ಗೊತ್ತು? ತಪ್ಪು ಓದುಗರದ್ದಲ್ಲ.

ಇಷ್ಟೆಲ್ಲ ಸರಿ, ಇದರಿಂದ ಏನು ಸಿಕ್ಕಿತು ಅಂತ ಕೇಳುತ್ತೀರಿ. ನನಗೆ ಹೆಚ್ಚು ಇಷ್ಟವಾಗುವ ಲೆಕ್ಕ ಇಲ್ಲೇ ಇದೆ. ಪ್ರಶ್ನೆ ಬಹಳ ಹಳೆಯದು, ಕೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ಎರಡು ಬಿಂದುಗಳ ಮೂಲಕ ಎಷ್ಟು ಸರಳರೇಖೆ ಎಳೆಯಬಹುದು? ಒಂದೇ. ಐದು ಬಿಂದುಗಳ ಮೂಲಕ ಎಷ್ಟು ಕಾನಿಕ್, ಅಂದರೆ ವೃತ್ತ, ದೀರ್ಘವೃತ್ತ, ಪರವಲಯ ಥರದ ರೇಖೆಗಳು ಹಾದುಹೋಗುತ್ತವೆ? ಅದೂ ಒಂದೇ. ಮುಂದಿನದು ಮೂರನೇ ಘಾತದ ರೇಖೆಗಳು, ಅಂದರೆ ಸಮೀಕರಣದಲ್ಲಿ ಘಾತ ಮೂರರವರೆಗೆ ಹೋಗುವಂಥವು. ಅವುಗಳಲ್ಲಿ ತನ್ನನ್ನು ತಾನೇ ಒಮ್ಮೆ ದಾಟಿ ಕುಣಿಕೆ ಹಾಕಿಕೊಳ್ಳುವಂಥವನ್ನು ಮಾತ್ರ ಎಣಿಸಿದರೆ, ಎಂಟು ಬಿಂದುಗಳ ಮೂಲಕ ಎಷ್ಟು? 12. ಕಾಗದದ ಮೇಲೆ ಎಳೆಯಲು ಹೋದರೆ ಹನ್ನೆರಡಕ್ಕೆ ಹನ್ನೆರಡೂ ಕಾಣದೆ ಇರಬಹುದು, ಕೆಲವು ಸಂಕೀರ್ಣ ಸಂಖ್ಯೆಗಳ ಲೋಕಕ್ಕೆ ಜಾರಿಕೊಂಡಿರುತ್ತವೆ, ಆದರೆ ಕಡಿಮೆ ಅಂದರೂ 8 ಕಂಡೇ ಕಾಣುತ್ತವೆ. ನಾಲ್ಕನೇ ಘಾತಕ್ಕೆ, ತನ್ನನ್ನು ತಾನೇ ಮೂರು ಸಲ ದಾಟುವ ಒಂದೇ ತುಂಡಿನ ರೇಖೆಗಳನ್ನು ಎಣಿಸಿದರೆ, 11 ಬಿಂದುಗಳ ಮೂಲಕ, 620. ಇದನ್ನು ಡೆನ್ಮಾರ್ಕಿನ ಝೊಯ್ಟೆನ್ 1873ರಲ್ಲಿ ಲೆಕ್ಕ ಹಾಕಿದ್ದರು. ಕಂಪ್ಯೂಟರ್ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ. ಆದರೆ ಘಾತ ಏರಿದ ಹಾಗೆ ಹಳೆಯ ವಿಧಾನಗಳಿಗೆ ಏದುಸಿರು ಬಂತು. ಎಲ್ಲ ಘಾತಗಳಿಗೂ ನಡೆಯುವ ಒಂದು ಸೂತ್ರ ಯಾರ ಕೈಗೂ ಸಿಗಲಿಲ್ಲ.

ಸಿಕ್ಕಿದ್ದು 1990ರ ದಶಕದಲ್ಲಿ, ಮಕ್ಸಿಮ್ ಕೊಂಟ್ಸೆವಿಚ್ ಅವರಿಗೆ. 1994ರಲ್ಲಿ ಅವರೂ ಮನಿನ್ ಅವರೂ ಸೇರಿ ಬರೆದ ಪ್ರಬಂಧದಲ್ಲಿ ಅದು ಪ್ರಕಟವಾಯಿತು. 1998ರಲ್ಲಿ ಕೊಂಟ್ಸೆವಿಚ್‌ಗೆ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಬಂತು. ಅವರು ಮಾಡಿದ್ದು ಏನು? ಸಮತಲಕ್ಕೆ ಸಂಬಂಧಿಸಿದ ಮೂರು ದಿಕ್ಕಿನ ಒಂದು ಮ್ಯಾನಿಫೋಲ್ಡ್ ಇದೆ. ಮೂರು ಬಾಣಗಳಲ್ಲಿ ಒಂದು ಇಡೀ ಸಮತಲದ್ದು, ಒಂದು ರೇಖೆಯದ್ದು, ಒಂದು ಬಿಂದುವಿನದ್ದು. ಹಳೆಯ ಗುಣಾಕಾರ ಸುಲಭ, ರೇಖೆ × ರೇಖೆ = ಬಿಂದು, ಏಕೆಂದರೆ ಎರಡು ರೇಖೆಗಳು ಒಂದು ಬಿಂದುವಿನಲ್ಲಿ ಸೇರುತ್ತವೆ. ಈ ಗುಣಾಕಾರಕ್ಕೆ ತಿದ್ದುಪಡಿಗಳನ್ನು ಸೇರಿಸುತ್ತ ಹೋಗುತ್ತಾರೆ. ತಿದ್ದುಪಡಿಗಳ ಒಳಗೆ ಕೂತಿರುವ ಸಂಖ್ಯೆಗಳೇ ನಮ್ಮ 1, 1, 12, 620. ಕೊನೆಗೆ ಒಂದೇ ಒಂದು ಷರತ್ತು, ಗುಣಾಕಾರ ಸಹವರ್ತನೀಯವಾಗಿಯೇ ಉಳಿಯಬೇಕು. (2 × 3) × 4 ಮತ್ತು 2 × (3 × 4) ಎರಡೂ ಒಂದೇ ಅಂತ ಏಳನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸುತ್ತೇವಲ್ಲ, ಅದೇ ನಿಯಮ. ಇದು ಎಲ್ಲರಿಗೂ ಗೊತ್ತಿರೋದೇ, ಇದನ್ನು ಯಾಕೆ ಕಲಿಸುತ್ತೀರಿ ಸಾರ್ ಅಂತ ಮಕ್ಕಳು ಕೇಳುತ್ತಾರೆ. ಆ ನಿಯಮ ಮುರಿಯಬಾರದು ಅಂತ ಹಟ ಹಿಡಿದರೆ ಸಾಕು, ಎರಡು ಬಿಂದುಗಳಿಗೆ ಒಂದೇ ಸರಳರೇಖೆ ಅನ್ನುವುದರಿಂದ ಶುರುಮಾಡಿ ಉಳಿದ ಎಲ್ಲ ಸಂಖ್ಯೆಗಳೂ ಒಂದರ ಹಿಂದೆ ಒಂದು ಹೊರಬರುತ್ತವೆ. ಬೇರೆ ಏನನ್ನೂ ಎಣಿಸಬೇಕಿಲ್ಲ.

ಹೇಗೆ ಅಂತ ನೋಡಿಯೇ ಬಿಡೋಣ. ಘಾತವನ್ನು ಎರಡು ಭಾಗ ಮಾಡಿ, ಮೊದಲ ಭಾಗ ಅ, ಎರಡನೆಯದು ಬ. ಘಾತದ ಮೂರು ಪಟ್ಟಿನಿಂದ 4 ಕಳೆಯಿರಿ, ಬಂದಷ್ಟು ವಸ್ತುಗಳು ನಿಮ್ಮ ಹತ್ತಿರ ಇವೆ ಅಂದುಕೊಳ್ಳಿ. ಅವುಗಳಿಂದ 3ಅ − 2 ವಸ್ತುಗಳನ್ನು ಎಷ್ಟು ರೀತಿ ಆರಿಸಬಹುದೋ ಅದನ್ನು ಅ² × ಬ² ಇಂದ ಗುಣಿಸಿ. ಅದರಿಂದ, 3ಅ − 1 ವಸ್ತುಗಳನ್ನು ಆರಿಸುವ ರೀತಿಗಳನ್ನು ಅ³ × ಬ ಇಂದ ಗುಣಿಸಿ ಕಳೆಯಿರಿ. ಉಳಿದದ್ದನ್ನು ಅ ಘಾತದ ಎಣಿಕೆ, ಬ ಘಾತದ ಎಣಿಕೆ ಎರಡರಿಂದಲೂ ಗುಣಿಸಿ. ಭಾಗ ಮಾಡುವ ಎಲ್ಲ ರೀತಿಗಳಿಗೂ ಹೀಗೆ ಮಾಡಿ ಕೂಡಿಸಿ. ಅಷ್ಟೇ ಸೂತ್ರ. ಪಿಯುಸಿಯ ಕಾಂಬಿನೇಷನ್ ಪಾಠ ಬಿಟ್ಟರೆ ಇದರಲ್ಲಿ ಇನ್ನೇನೂ ಬೇಕಿಲ್ಲ.

ಮೂರನೇ ಘಾತಕ್ಕೆ ಹಾಕಿ. 3 × 3 − 4 = 5 ವಸ್ತುಗಳು. ಮೊದಲು ಅ = 1, ಬ = 2. ಐದರಲ್ಲಿ ಒಂದನ್ನು ಆರಿಸಲು 5 ರೀತಿ, 4 × 5 = 20. ಐದರಲ್ಲಿ ಎರಡನ್ನು ಆರಿಸಲು 10 ರೀತಿ, 2 × 10 = 20. ಕಳೆದರೆ 0. ಆಮೇಲೆ ಅ = 2, ಬ = 1. ಐದರಲ್ಲಿ ನಾಲ್ಕನ್ನು ಆರಿಸಲು 5 ರೀತಿ, 4 × 5 = 20. ಐದರಲ್ಲಿ ಐದನ್ನೂ ಆರಿಸಲು 1 ರೀತಿ, 8 × 1 = 8. ಕಳೆದರೆ 12. ಎರಡೂ ಸಲ ಹಿಂದಿನ ಎಣಿಕೆಗಳು 1 ಮತ್ತು 1, ಗುಣಿಸಿದರೆ ವ್ಯತ್ಯಾಸ ಇಲ್ಲ. 0 + 12 = 12. ಬಂತಲ್ವಾ?

ನಾಲ್ಕನೇ ಘಾತಕ್ಕೆ ಮೂರು ಸಾಲು ಆಗುತ್ತದೆ. ಒಂದರಿಂದ −144, ಒಂದರಿಂದ 224, ಒಂದರಿಂದ 540. ಕೂಡಿಸಿದರೆ 620. 1873ರ ಅದೇ ಉತ್ತರ, ಒಂದು ಬಸ್ ಟಿಕೆಟಿನ ಹಿಂಬದಿಯಲ್ಲಿ ಹಿಡಿಯುವಷ್ಟು ಲೆಕ್ಕದಲ್ಲಿ.

ಈಗ ಹೇಳಿ ಸಂಪಾದಕರೇ, ಇದರಲ್ಲಿ ಸಾಮಾನ್ಯ ಓದುಗರ ಅಳವಿಗೆ ಮೀರಿದ್ದು ಯಾವುದು? ಸೂತ್ರ ಯಾಕೆ ನಿಜ ಅನ್ನುವುದಕ್ಕೆ ವರ್ಷಗಟ್ಟಲೆ ಓದಬೇಕು, ಒಪ್ಪುತ್ತೇನೆ. ಆದರೆ ಏನು ನಡೆಯುತ್ತಿದೆ ಅಂತ ಕೈಯಾರೆ ಮಾಡಿ ನೋಡಲು ಅರ್ಧ ಗಂಟೆ ಸಾಕು. ಪತ್ರಿಕೆ ಕೊಡಬೇಕಾದದ್ದು ಆ ಅರ್ಧ ಗಂಟೆಯನ್ನು.

ಪ್ರತಿ ವರ್ಷ ಡಿಸೆಂಬರ್ 22 ಬಂದರೆ ಎಲ್ಲ ಪತ್ರಿಕೆಗಳಲ್ಲೂ ರಾಮಾನುಜನ್ ಬರುತ್ತಾರೆ. ಬಡತನ, ಕನಸಿನಲ್ಲಿ ಬಂದ ದೇವಿ, ಇಂಗ್ಲೆಂಡಿನ ಚಳಿ. ಜೊತೆಗೆ 1729ರ ಟ್ಯಾಕ್ಸಿ. ಇಷ್ಟು ವರ್ಷ ಆದರೂ ಜನರ ಬಾಯಲ್ಲಿ ಉಳಿದಿರುವುದು ಯಾವುದು ಹೇಳಿ? ಆ ಟ್ಯಾಕ್ಸಿ ನಂಬರೇ. ಯಾಕೆ? 1ರ ಘನ, 12ರ ಘನ ಕೂಡಿಸಿ, 1729. 9ರ ಘನ, 10ರ ಘನ ಕೂಡಿಸಿ, ಅದೂ 1729. ಓದಿದವರು ತಾವೇ ಮಾಡಿ ನೋಡಬಹುದು. ಮಾಡಿ ನೋಡಿದ್ದು ಮರೆತುಹೋಗುವುದಿಲ್ಲ. ಫೀಲ್ಡ್ಸ್ ಪದಕ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ, 2014ರಲ್ಲಿ ಮಂಜುಲ್ ಭಾರ್ಗವ, 2018ರಲ್ಲಿ ಅಕ್ಷಯ್ ವೆಂಕಟೇಶ್. ಭಾರತ ಮೂಲದವರು ಅನ್ನುವುದು ನಮಗೆ ನೆನಪಿದೆ. ಯಾವ ಲೆಕ್ಕಕ್ಕೆ ಬಂತು ಅಂತ ಕೇಳಿದರೆ ಎಲ್ಲರೂ ಮುಖ ಮುಖ ನೋಡುತ್ತೇವೆ.

ಸಂಖ್ಯೆ ಕಂಡರೆ ಓದುಗರು ಪುಟ ತಿರುಗಿಸುತ್ತಾರೆ ಅಂತ ಪತ್ರಕರ್ತ ಮಿತ್ರರೊಬ್ಬರು ನನಗೆ ಹೇಳಿದರು. ಖಂಡಿತ ಒಪ್ಪುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಪತ್ರಿಕೆ ಕೈಗೆ ಬಂದ ಕೂಡಲೇ ಎಷ್ಟೋ ಮಂದಿ ಮೊದಲು ತೆರೆಯುವುದು ಅಡಿಕೆ ಧಾರಣೆಯ ಪಟ್ಟಿಯನ್ನು. ರಾಶಿ, ಬೆಟ್ಟೆ, ಸರಕು, ಗೊರಬಲು, ಒಂದೊಂದಕ್ಕೂ ಕನಿಷ್ಠ, ಗರಿಷ್ಠ. ನಿನ್ನೆಗೂ ಇವತ್ತಿಗೂ ಎಷ್ಟು ವ್ಯತ್ಯಾಸ, ಮನೆಯಲ್ಲಿರುವ ಮೂಟೆಗಳಿಗೆ ಎಷ್ಟಾಯಿತು, ಹಮಾಲಿ ಕಳೆದು ಕೈಗೆ ಎಷ್ಟು ಬರುತ್ತದೆ, ಎಲ್ಲ ಬಾಯಿಲೆಕ್ಕದಲ್ಲೇ ಮುಗಿಯುತ್ತದೆ. ಮಳೆ ಬಂದು ಕ್ರಿಕೆಟ್ ನಿಂತರೆ ಡಕ್‌ವರ್ತ್ ಲೂಯಿಸ್ ಲೆಕ್ಕದ ಬಗ್ಗೆ ಚಹಾದಂಗಡಿಯಲ್ಲಿ ಜಗಳ ಆಗುತ್ತದೆ. ಸುಡೊಕು ಒಂದು ದಿನ ತಪ್ಪಿದರೆ ನಿಮ್ಮ ಕಚೇರಿಗೆ ಫೋನ್ ಬರುತ್ತದೆ, ಬರುವುದಿಲ್ಲವಾ? ಸಂಖ್ಯೆಗೆ ಹೆದರುವ ಜನ ಇವರಲ್ಲ. ಮಾಡಲು ಏನೂ ಕೊಡದೆ ಬರೀ ಬೆರಗಾಗಿ ಅಂದರೆ ಮಾತ್ರ ಇವರಿಗೆ ಬೇಸರ.

ಇದು ನಮ್ಮಲ್ಲಿ ಹೊಸದೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತ ಬರೆದಾಗ ಸಾಲುಸಾಲು ಲೆಕ್ಕಗಳನ್ನೇ ಕೊಟ್ಟ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಬರೆದ, ಪದ್ಯದಲ್ಲಿ. ಅವರ ಓದುಗರೂ ಸಾಮಾನ್ಯರೇ. ಹಾಗಂತ ಎಲ್ಲ ನಮ್ಮಲ್ಲೇ ಇತ್ತು ಅಂತ ಹೇಳಹೊರಟಿಲ್ಲ, ಫ್ರೋಬೇನಿಯಸ್ ಮ್ಯಾನಿಫೋಲ್ಡ್ ನಮ್ಮಲ್ಲಿ ಇರಲಿಲ್ಲ. ಲೆಕ್ಕ ಕೊಟ್ಟು ಹೇಳುವ ರೂಢಿ ಇತ್ತು.

ನನ್ನ ಕೋರಿಕೆ ಚಿಕ್ಕದು. ತಿಂಗಳಿಗೊಮ್ಮೆ, ಬೇಡ, ಎರಡು ತಿಂಗಳಿಗೊಮ್ಮೆ, ವಿಜ್ಞಾನ ಪುಟದಲ್ಲಿ ಕಾಲು ಪುಟ ಬಿಡಿ. ಒಂದು ಹೊಸ ಗಣಿತದ ವಿಷಯ, ಅದರೊಳಗಿಂದ ಎತ್ತಿದ ಒಂದೇ ಒಂದು ಲೆಕ್ಕ, ಓದುಗರು ಪೆನ್ನು ಹಿಡಿದು ಪೂರ್ತಿ ಮಾಡುವಂಥದ್ದು. ಉತ್ತರ ಮುಂದಿನ ಕಂತಿನಲ್ಲಿ. ಬರೆಯುವವರು ಸಿಗುವುದಿಲ್ಲ ಅನ್ನಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೊಡ್ಡ ಗಣಿತ ವಿಭಾಗ ಇದೆ, ಹೆಸರಘಟ್ಟದ ಕಡೆ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್ ಇದೆ, ಯಲಹಂಕದ ಕಡೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಗಣಿತ ಕೇಂದ್ರ ಇದೆ. ಅಲ್ಲಿ ಕನ್ನಡ ಬಲ್ಲವರು ಇದ್ದೇ ಇರುತ್ತಾರೆ, ಕೇಳಿದರೆ ಒಬ್ಬರಾದರೂ ಒಪ್ಪುತ್ತಾರೆ. ಅವರು ಬರೆದದ್ದನ್ನು ತಿದ್ದುವಾಗ ದಯವಿಟ್ಟು ಲೆಕ್ಕವನ್ನು ತೆಗೆದು ಫೋಟೊ ಹಾಕಬೇಡಿ, ಅದೊಂದೇ ವಿನಂತಿ. ಯಾರೂ ಸಿಗದಿದ್ದರೆ ನನ್ನಂಥ ನಿವೃತ್ತ ಮೇಷ್ಟ್ರುಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ, ಸಂಭಾವನೆಯನ್ನೂ ಕೇಳುವುದಿಲ್ಲ.

ಮೊದಲ ಕಂತಿಗೆ ಬೇಕಾದರೆ ಇದನ್ನೇ ಹಾಕಿಕೊಳ್ಳಿ. ಐದನೇ ಘಾತದ, ತನ್ನನ್ನು ತಾನೇ ಆರು ಸಲ ದಾಟುವ ಒಂದೇ ತುಂಡಿನ ರೇಖೆಗಳು, 14 ಬಿಂದುಗಳು. ಭಾಗ ಮಾಡುವ ರೀತಿ ನಾಲ್ಕು, 1 + 4, 2 + 3, 3 + 2, 4 + 1. ವಸ್ತುಗಳು 11. ಹಿಂದಿನ ಎಣಿಕೆಗಳು 1, 1, 12, 620 ಮೇಲೆ ಬಂದಿವೆ. ಮೊದಲ ಸಾಲಿಗೆ ಋಣ ಸಂಖ್ಯೆ ಬಂದರೆ ಗಾಬರಿಯಾಗಬೇಡಿ, ಮುಂದುವರಿಸಿ. ಒಟ್ಟು 87,304 ಬರಬೇಕು.

— ನಿವೃತ್ತ ಗಣಿತ ಉಪನ್ಯಾಸಕ, ಶಿವಮೊಗ್ಗ